ಮುರಗೆಪ್ಪನ ಗಂಟಲಲ್ಲಿ ಎಲುಬು

ಮಿರಜದ ದವಾಖಾನೆಯಿಂದ ಮಗ ಸಿದ್ದಲಿಂಗ ಮಾಡಿದ ಫೋನು ಎರಡು ಮಾತಿಗೇ ಕಡಿದುಹೋಯಿತು.

"ಅವ್ವಾ, ಹೆದರಬ್ಯಾಡ, ಕ್ಯಾನ್ಸರ್ ಅಲ್ಲಂತ. ಅಪ್ಪನ ಗಂಟಲದಾಗ ಎಲುಬ..."

ಬುಟ್ಟಿಯಲ್ಲಿ ಕಡಕ್ ರೊಟ್ಟಿ ಜೋಡಿಸುತ್ತಿದ್ದ ಚನ್ನವ್ವ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು. ಗಂಡ ಮುರಗೆಪ್ಪ ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ. ಐವತ್ತು ವರ್ಷ ಅವಳ ಕೈಯ ರೊಟ್ಟಿ, ಬದನೆಕಾಯಿ ಉಂಡವನು. ಅವನ ಗಂಟಲಿಗೆ ಎಲುಬು ಎಲ್ಲಿಂದ ಬರಬೇಕು?

ಎಲ್ಲಿಂದ ಎಂಬುದೂ ಹೊಳೆಯಿತು. ಒಣಗಿಸಿದ ದ್ರಾಕ್ಷಿಯ ಮಣೂಕ ಮಾರಲು ಗೆಳೆಯ ಭಾವುಸಾಹೇಬನ ಜೀಪಿನಲ್ಲಿ ಸಾಂಗಲಿಗೆ ಹೋಗಿಬಂದಾಗಲೆಲ್ಲ ಮುರಗೆಪ್ಪನಿಗೆ ಹಸಿವೇ ಇರುತ್ತಿರಲಿಲ್ಲ. ಎರಡು ತಿಂಗಳಿಂದಂತೂ ರೊಟ್ಟಿ ಬಾಯಿಗಿಟ್ಟರೆ ಕೆಮ್ಮು. ಅರ್ಧ ರೊಟ್ಟಿ ಗುಟ್ಟಾಗಿ ಎಮ್ಮೆಯ ಪಾಲಾಗುತ್ತಿದ್ದುದನ್ನು ಅವಳು ನೋಡಿಯೂ ಸುಮ್ಮನಿದ್ದಳು.

ಮಜ್ಜಿಗೆ ಕೇಳಲು ಬಂದಿದ್ದ ಮಗ್ಗುಲ ಮನೆಯ ಕೆಂಪವ್ವ ಫೋನಿನ ಸ್ಪೀಕರಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ಕೋಳೀದಿರಬೇಕ ತಗೋ ಅಕ್ಕಾ," ಎಂದಳು ಸಮಾಧಾನದ ದನಿಯಲ್ಲಿ. "ಕುರೀದು ದೊಡ್ಡದಿರತೈತಿ, ಗಂಟಲ ತನಕ ಹೋಗೂದಿಲ್ಲ."

"ನಿನಗ ಹೆಂಗ ಗೊತ್ತಬೇ?"

ಕೆಂಪವ್ವ ಮಜ್ಜಿಗೆ ಮರೆತು ಮನೆಗೆ ಹೋದಳು.

ಸಂಜೆ ಮಗನ ಜೊತೆ ಮುರಗೆಪ್ಪ ಬಂದಾಗ ಅವನ ತಾಟು ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂದಿತ್ತು.

"ಇದ್ಯಾಕ ಇಲ್ಲಿ?"

"ಎಲುಬ ತಿನ್ನವ್ರಿಗೆ ಒಳಗ ಜಾಗಾ ಇಲ್ರಿ. ಖರೇ ಹೇಳ್ರಿ, ಸಾಂಗಲ್ಯಾಗ ಏನ್ ತಿಂದ್ರಿ?"

ಮುರಗೆಪ್ಪನಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದ ಕೂಡಲೇ ಮೀಸೆ ಸವರಿಕೊಂಡ. "ಒಂದಲ್ಲ, ನಾಲ್ಕ ಅದಾವಂತ. ಎಪ್ಪತ್ತೆರಡ ವರ್ಷ ಸಾಕೇನಿ."

ಚನ್ನವ್ವನ ಕಣ್ಣು ತುಂಬಿದ್ದನ್ನು ಕಂಡು ಸಿದ್ದಲಿಂಗ ನಡುವೆ ಬಂದ. "ಅಪ್ಪಾ, ಸಾಕ್ಮಾಡು." ಎಕ್ಸರೇ ತೆಗೆದು ಟ್ಯೂಬ್‌ಲೈಟಿಗೆ ಹಿಡಿದ. "ಅವ್ವಾ, ಇದು ಅಪ್ಪಂದಽ ಎಲುಬ. ಕುತ್ತಿಗಿ ಎಲುಬ ಮುಂದಕ್ಕ ಕೊಂಬಿನಂಗ ಬೆಳದ ಅನ್ನದ ಹಾದಿ ಒತ್ತಾಕತ್ತೈತಿ. ಮೆತ್ತಂದು ಉಣ್ಬೇಕು, ಗದ್ದ ಎದಿಗೆ ಹಚ್ಚಿ ನುಂಗಬೇಕು. ಕಡಿಮಿ ಆಗ್ಲಿಲ್ಲಂದ್ರ ಆಪರೇಶನ್ ನೋಡೂನು ಅಂದ್ರು."

ಚನ್ನವ್ವ ಆ ಬಿಳಿ ಕೊಂಬುಗಳನ್ನು ಬೆರಳಿಟ್ಟು ಎಣಿಸಿದಳು.

"ಮೊದಲಽ ಹೇಳಾಕ ಏನಾಗಿತ್ರಿ?"

"ನಿನ್ನ ರೊಟ್ಟಿ ನುಂಗಾಕ ಆಗವಲ್ದು ಅಂತ ಯಾವ ಬಾಯಿಲೆ ಹೇಳ್ಲಿ?" ಎಂದು ಮುರಗೆಪ್ಪ ತಾಟಿನ ಮುಚ್ಚಳ ತೆಗೆದ. ಒಳಗೆ ರೊಟ್ಟಿಯಿರಲಿಲ್ಲ. ಮಜ್ಜಿಗೆಯಲ್ಲಿ ನುಣ್ಣಗೆ ಕಲಸಿದ ಜೋಳದ ನುಚ್ಚಿತ್ತು. "ಎಲುಬ ತಿಂದಾವಗ ನುಚ್ಚ್ಯಾಕ ಮಾಡೀದಿ?"

"ಏನರೆ ತಿಂದಿರ್ಲಿ, ನೋಯೂ ಗಂಟಲ ನಿಮ್ದಽ ಅಲ್ಲೇನ್ರಿ?"

ತಾಟು ಮತ್ತೆ ಅಡುಗೆಮನೆಗೆ ಹೋಯಿತು. ಮುರಗೆಪ್ಪ ಗದ್ದವನ್ನು ಎದೆಗೆ ಒತ್ತಿ ತುತ್ತು ನುಂಗತೊಡಗಿದ. ಅಷ್ಟರಲ್ಲಿ ಮರೆತ ಮಜ್ಜಿಗೆಗೆ ಕೆಂಪವ್ವ ಮತ್ತೆ ಬಂದಳು. ಹೆಂಡತಿಯ ಮುಂದೆ ತಲೆ ಬಗ್ಗಿಸಿ ಕೂತ ಗಂಡಸನ್ನು ಕಂಡು ಪಿಸುಗುಟ್ಟಿದಳು.

"ಒಪ್ಕೊಂಡ್ರೇನಕ್ಕಾ?"

ಎಕ್ಸರೇ ಚನ್ನವ್ವನ ಕೈಗೆಟಕುವಂತೆಯೇ ಇತ್ತು. ಆದರೆ ಐವತ್ತು ವರ್ಷದಲ್ಲಿ ಈ ಮನುಷ್ಯ ತನ್ನೆದುರು ತಲೆ ತಗ್ಗಿಸಿದ್ದು ಇದೇ ಮೊದಲು. ಅದನ್ನು ಅಷ್ಟು ಬೇಗ ಕೆಡಿಸಲು ಮನಸ್ಸು ಬರಲಿಲ್ಲ.

"ನಾಳೆ ಬಾರವ್ವಾ, ಎಲ್ಲಾ ತೋರಸ್ತೇನಿ. ಇವತ್ತ ಉಣ್ಲಿ," ಎಂದು ಚರಿಗೆಗೆ ಮಜ್ಜಿಗೆ ಸುರಿದಳು.

ಮುರಗೆಪ್ಪನ ಭುಜ ಅಲುಗಾಡಿತು.

"ನಗಬ್ಯಾಡ್ರಿ," ಎಂದಳು ಚನ್ನವ್ವ, "ನೆತ್ತಿಗೆ ಹತ್ತತೈತಿ."