ಸೂಜಿಯ ಪಕ್ಕದಲ್ಲೊಂದು ದೀಪ

ಹೋದ ವಾರ ಹಾಡಹಗಲೇ ಕಳ್ಳನೊಬ್ಬ ಮನೆಯ ಹೊಲಿಗೆ ಕೋಣೆಗೆ ಬಂದು, ಗೂಟಕ್ಕೆ ನೇತುಹಾಕಿದ್ದ ಗಿರಾಕಿಯ ಉಣ್ಣೆ ಕೋಟನ್ನು ಎತ್ತಿಕೊಂಡು ಹೋಗಿದ್ದ. ಟೈಲರಮ್ಮ ಅದೇ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕಾಲರು ಹೊಲಿಯುತ್ತಿದ್ದಳು. ಮಷೀನು ಗಡಗಡ ಅನ್ನುವಾಗ ಪಕ್ಕದಲ್ಲಿ ನಗಾರಿ ಬಾರಿಸಿದರೂ ಅವಳಿಗೆ ಕೇಳದು.

ಗಂಡ ಬಸ್ಸು ಓಡಿಸುವವನು. ಒಳ್ಳೆಯವನೇ, ಹೆದರಿದರೆ ಮಾತ್ರ ಹಟಕ್ಕೆ ಬೀಳುತ್ತಾನೆ.

"ಮನೇಲಿ ಹೊಲಿದಿದ್ದು ಸಾಕು. ಗಾರ್ಮೆಂಟ್ ಫ್ಯಾಕ್ಟರಿಗೆ ಅರ್ಜಿ ಹಾಕು. ಅಲ್ಲಿ ಗೇಟಿಗೆ ಕಾವಲಿದೆ. ಇವತ್ತು ಕೋಟು ಹೋಯ್ತು, ನಾಳೆ..." ಅಂದವನು ಮಗಳ ಕಡೆ ನೋಡಿ ಮಾತು ನುಂಗಿದ.

ಅವಳು ಫ್ಯಾಕ್ಟರಿಗೆ ಹೋದರೆ, ಶಾಲೆಯಿಂದ ಬಂದ ಮಗಳಿಗೆ ಬಾಗಿಲು ತೆರೆಯುವವರು ಯಾರು?

"ನಂಗೆ ಗೊತ್ತಾಗದ ಹಾಗೆ ಯಾರೂ ಒಳಗೆ ಬರಬಾರದು, ಅಷ್ಟೇ ತಾನೆ? ಅದಕ್ಕೊಂದು ದಾರಿ ಹುಡುಕ್ತೀನಿ. ಆಮೇಲೆ ಮಾತಾಡಿ" ಅಂದಳು.

ಭಾನುವಾರ ಅಲಾರ್ಮ್ ಅಂಗಡಿಯವನು ಡಬ್ಬಿಗಳನ್ನು ಹೊತ್ತು ಬಂದ.

"ವೈರೇ ಇಲ್ಲ ಅಮ್ಮ, ಗೋಡೆ ಕೊರೆಯೋ ಗೋಳಿಲ್ಲ. ಬಾಗಿಲಿಗೊಂದು ಬಿಲ್ಲೆ, ಚೌಕಟ್ಟಿಗೊಂದು ಬಿಲ್ಲೆ. ಬಾಗಿಲು ತೆಗೆದರೆ ಈ ಸೈರನ್ ಊರನ್ನೇ ಎಬ್ಬಿಸುತ್ತೆ."

"ಹಗಲು ಹೊತ್ತು ಊರು ಎದ್ದೇ ಇರುತ್ತಪ್ಪ. ಅಳತೆ ಕೊಡೋಕೆ ಬಂದೋರಿಗೆಲ್ಲ ಇದು ಕಿರುಚಿದರೆ ಕಳ್ಳನಿಗಿಂತ ಮುಂಚೆ ಗಿರಾಕಿ ಓಡ್ತಾರೆ."

ಅವನು ನಕ್ಕು ಚಿಕ್ಕ ಗಂಟೆಯೊಂದನ್ನು ತೆಗೆದ. ಬಾಗಿಲು ಸರಿದರೆ ಟಿಂಗ್ ಅನ್ನುವಂಥದ್ದು. ಗಂಡ ತಲೆದೂಗಿದ. ಅವಳು ಮಾತ್ರ ಹೋಗಿ ಮಷೀನಿನ ಮುಂದೆ ಕೂತು ಪೆಡಲು ಒತ್ತಿದಳು.

"ಈಗ ಬಾಗಿಲು ತೆಗೀರಿ."

ಒಂದು ಉದ್ದ ಹೊಲಿಗೆ ಮುಗಿಸಿ ತಿರುಗಿದಾಗ ಮಗಳು ಮೂರು ಬೆರಳು ತೋರಿಸಿದಳು. ಬಾಗಿಲು ಮೂರು ಸಲ ತೆರೆದಿತ್ತು. ಅಮ್ಮನಿಗೆ ಒಂದೂ ಕೇಳಿರಲಿಲ್ಲ.

"ನೋಡಿದ್ಯಾ? ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕೋ ಕೆಲಸ ಇದು" ಅಂದ ಗಂಡ.

ಅವಳು ಅತ್ತ ಕಿವಿಗೊಡಲಿಲ್ಲ. "ಶಬ್ದ ಬೇಡ. ಬೆಳಕಿಂದು ಇದೆಯಾ?"

"ಇದೆ. ಆದರೆ ಅದು ಕಿವಿ ಕೇಳದೋರಿಗೆ ಅಂತ ಮಾಡಿರೋದು, ಅಮ್ಮ."

"ಪೆಡಲ್ ಮೇಲೆ ಕಾಲಿಟ್ಟಾಗ ನಾನೂ ಅವರ ಪೈಕಿನೇ. ಬ್ಯಾಟರಿ ಮುಗಿಯೋ ಮುಂಚೆ ಹೇಳುತ್ತಾ?"

"ಕೆಂಪಗೆ ಮಿನುಗುತ್ತೆ."

"ಹಾಗಾದ್ರೆ ಅದೇ ಇರಲಿ."

ಗೋಡೆಗೆ ಅಂಟಿಸಲು ಹೊರಟವನನ್ನು ತಡೆದು, ದೀಪವನ್ನು ಮಷೀನಿನ ತಲೆಗೇ, ಸೂಜಿಯಿಂದ ಎರಡು ಬೆರಳು ದೂರದಲ್ಲಿ ಹಾಕಿಸಿದಳು. ಹೊಲಿಯುವವರ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ. ಮುಂಬಾಗಿಲು ತೆರೆದರೆ ಬಿಳಿ ಬೆಳಕು, ಹಿತ್ತಲ ಬಾಗಿಲಿಗೆ ನೀಲಿ.

"ರೀ, ಈಗ ನೀವೇ ಕಳ್ಳ. ಹೋಗಿ ಬನ್ನಿ."

ಗಂಡ ಹೊರಗೆ ಹೋದ. ಸೋಲಬಾರದೆಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಮನೆಯನ್ನು ಸುತ್ತು ಹಾಕಿ, ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಯಿಂದ ನುಗ್ಗಿದ. ಮಷೀನು ಗಡಗಡ ಓಡುತ್ತಲೇ ಇತ್ತು.

"ಹಿತ್ತಲಿಂದ ಬಂದ ಕಳ್ಳರು ಬಾಗಿಲು ಹಾಕ್ಕೊಂಡು ಬನ್ನಿ" ಅಂದಳು ಅವಳು, ತಲೆ ಎತ್ತದೆ. "ನೊಣ ಬರುತ್ತೆ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಶೂ ಹಿಡಿದುಕೊಂಡೇ ನಿಂತ. ಆಮೇಲೆ ಅಂಗಡಿಯವನ ಕಡೆ ತಿರುಗಿ, "ಕಿಟಕಿಗೂ ಒಂದು ಹಾಕಿಬಿಡಿ" ಅಂದ.

ಅವಳು ಹಲ್ಲಿನಿಂದ ನೂಲು ಕಡಿದಳು.

"ಫ್ಯಾಕ್ಟರಿ ಅರ್ಜಿ?"

"ಯಾವ ಅರ್ಜಿ?" ಅಂದ ಗಂಡ.