ತಂತಿ ಎಳೆದು ತಂದ ಶನಿ

ಶನಿ ಹೆಗಲೇರಿದರೆ ಇಳಿಸಿಕೊಳ್ಳಲು ಜನ ಪಡಬಾರದ ಪಾಡು ಪಡುತ್ತಾರೆ. ಈ ಮನೆಯ ಅಕ್ಕತಂಗಿಯರು ಮಾತ್ರ ಅವನನ್ನು ತಾರಸಿಯಿಂದ ತಂತಿ ಎಳೆದು ಮಲಗುವ ಕೋಣೆಗೇ ಕರೆತರಲು ಹೊರಟಿದ್ದರು. ಅಪ್ಪ ಹೀಗೆಂದು ಗೇಲಿ ಮಾಡಿದರು ನಿಜ. ಆದರೆ ತಂತಿ ಎಂಬ ಮಾತು ಕಿವಿಗೆ ಬಿದ್ದೊಡನೆ ಅವರ ಕೈ ತಾನಾಗಿ ಇಕ್ಕಳ ಹುಡುಕತೊಡಗಿತ್ತು. ಮೂವತ್ತೈದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ ಕೈ ಅದು.

ಭಾನುವಾರ ಸಂಜೆ ಆರೂ ಐವತ್ತೆಂಟಕ್ಕೆ ಶನಿಗ್ರಹ ಚಂದ್ರನ ಹಿಂದೆ ಮರೆಯಾಗಿ, ಏಳೂ ಐವತ್ತಕ್ಕೆ ಆಚೆ ಬದಿಯಿಂದ ಹೊರಬರುವುದಿತ್ತು. ಅಕ್ಕ ಈ ತಾರೀಖಿಗಾಗಿ ಎರಡು ವರ್ಷದಿಂದ ಕಾದಿದ್ದಳು. ತಂಗಿಗೆ ಒಂಬತ್ತು ತುಂಬಿದಾಗ ಅವಳ ಗಲ್ಲ ಹಿಡಿದು ಆಕಾಶದ ಕಡೆ ತಿರುಗಿಸಿದವಳೂ ಅವಳೇ. ಈಗ ಅಕ್ಕ ಏಳು ತಿಂಗಳ ಬಸುರಿ. ಮೆಟ್ಟಿಲು ಹತ್ತುವುದಿರಲಿ, ಮಂಚ ಬಿಟ್ಟು ಏಳಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಟೆಲಿಸ್ಕೋಪು ಎರಡು ಮಹಡಿ ಮೇಲೆ, ಅಕ್ಕ ಕೆಳಗೆ. ನಾನು ತೋರಿಸುತ್ತೇನೆ ಎಂದು ತಂಗಿ ಮಾತು ಕೊಟ್ಟುಬಿಟ್ಟಿದ್ದಳು.

ತಂಗಿ ಮಾತು ಕೊಡುವುದಿರಲಿ, ಮಾತಾಡುವುದೇ ಅಪರೂಪ. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅವಳು ಮೆಲ್ಲಿ. ಡಿಗ್ರಿ ಪಾಸಾದ ದಿನ ಕೂಡ ಫಲಿತಾಂಶವನ್ನು ಚೀಟಿಯಲ್ಲಿ ಬರೆದು, ಫ್ರಿಜ್ಜಿಗೆ ಅಂಟಿಸಿ, ತನ್ನ ಕೋಣೆ ಸೇರಿಕೊಂಡಿದ್ದಳು.

ಕ್ಯಾಮೆರಾದ ತಂತಿಯೂ ಟೆಲಿಸ್ಕೋಪು ತಿರುಗಿಸುವ ಮೋಟರಿನ ತಂತಿಯೂ ಒಂದು ಪುಟ್ಟ ಡಬ್ಬಿಯಲ್ಲಿ ಕೂಡಿ, ಅಲ್ಲಿಂದ ಒಂದೇ ಯುಎಸ್‌ಬಿ ತಂತಿ ಮೆಲ್ಲಿಯ ಲ್ಯಾಪ್‌ಟಾಪಿಗೆ ಹೋಗಬೇಕು. ಲ್ಯಾಪ್‌ಟಾಪನ್ನೇ ಮೇಲಿಡೋಣವೆಂದರೆ ಅದರ ಬ್ಯಾಟರಿ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು, ತಾರಸಿಯಲ್ಲಿ ಪ್ಲಗ್ ಇರಲಿಲ್ಲ. ಮನೆಯ ವೈಫೈ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟು ಕೂರುತ್ತಿತ್ತು. ಹಾಗಾಗಿ ಮೆಲ್ಲಿ ಶುಕ್ರವಾರ ನಾಲ್ಕು ಯುಎಸ್‌ಬಿ ತಂತಿಗಳನ್ನು ಒಂದರ ಬಾಲಕ್ಕೆ ಒಂದು ಸಿಕ್ಕಿಸಿ ತಾರಸಿಯಿಂದ ಅಕ್ಕನ ಕಿಟಕಿಗೆ ಇಳಿಬಿಟ್ಟಳು. ಲ್ಯಾಪ್‌ಟಾಪು ಕ್ಯಾಮೆರಾ ಸಿಕ್ಕಿತೆಂದು ಟಿಂಗ್ ಎಂದಿತು, ಕಳೆದುಹೋಯಿತೆಂದು ಟೊಂಯ್ ಎಂದಿತು. ಮತ್ತೆ ಟಿಂಗ್, ಮತ್ತೆ ಟೊಂಯ್.

"ನಿನ್ ಕ್ಯಾಮೆರಾ ಒಳ್ಳೆ ನೆಂಟರ ಥರ ಕಣೇ," ಎಂದಳು ಅಕ್ಕ, ದಿಂಬಿಗೊರಗಿ. "ಬಂದೆ ಅನ್ನತ್ತೆ, ಕೂರೋಕೆ ಮುಂಚೆ ಹೊರಟೆ ಅನ್ನತ್ತೆ."

ಸಂದು ಜಾಸ್ತಿಯಾದರೆ ಸಡಿಲವಾಗುತ್ತದೆ ಎಂದು ಅಪ್ಪ ತೀರ್ಪು ಕೊಟ್ಟರು. ಶನಿವಾರ ಮೆಲ್ಲಿ ಅಂಗಡಿಗೆ ಹೋಗಿ ಬರುವುದರೊಳಗೆ ಡಬ್ಬಿಯಿಂದ ಬರುವ ತಂತಿಯನ್ನು ನಟ್ಟನಡುವೆ ಕತ್ತರಿಸಿ, ಮಧ್ಯೆ ಮನೆ ವೈರಿಂಗಿಗೆ ಹಾಕುವ ದಪ್ಪ ತಂತಿ ಹದಿನೆಂಟು ಮೀಟರ್ ಸೇರಿಸಿದ್ದರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎಲ್ಲ ಅಚ್ಚುಕಟ್ಟು. ಸಂದುಗಳಿಗೆ ಸುತ್ತಿದ ಟೇಪಿನಲ್ಲಿ ಒಂದು ಸುಕ್ಕು ಇರಲಿಲ್ಲ. ಕ್ಯಾಮೆರಾದ ಮೇಲಿನ ಪುಟ್ಟ ದೀಪ ಝಗ್ಗೆಂದು ಹತ್ತಿಕೊಂಡಿತು.

ಲ್ಯಾಪ್‌ಟಾಪು ಟಿಂಗ್ ಎನ್ನಲಿಲ್ಲ, ಟೊಂಯ್ ಕೂಡ ಎನ್ನಲಿಲ್ಲ.

ಅಪ್ಪ ಟೆಸ್ಟರ್ ಹಿಡಿದು ಮೂರು ಸಲ ಮೇಲೆ ಕೆಳಗೆ ಓಡಾಡಿದರು. ತಂತಿಯಲ್ಲಿ ದೋಷವಿಲ್ಲ, ಕರೆಂಟ್ ಬರುತ್ತಿದೆ, ಆದ್ದರಿಂದ ದೋಷ ಲ್ಯಾಪ್‌ಟಾಪಿನದು ಎಂದರು. ಮೆಲ್ಲಿ ತಲೆಯಾಡಿಸಿದಳು. ಕರೆಂಟ್ ಹೋಗುವ ದಾರಿಯಲ್ಲೆಲ್ಲ ಮಾತು ಹೋಗುವುದಿಲ್ಲ, ಐದು ಮೀಟರು ದಾಟಿದರೆ ಯುಎಸ್‌ಬಿಯ ಗಂಟಲು ಕಟ್ಟುತ್ತದೆ ಎಂದು ಅವಳು ಅದೇ ಮಧ್ಯಾಹ್ನ ಓದಿಕೊಂಡಿದ್ದಳು. ಇದಕ್ಕೆ ಉಪಾಯವೇನೆಂದೂ ಓದಿದ್ದಳು. ಎಲ್ಲವನ್ನೂ ದಿನಚರಿಯಲ್ಲಿ ಚಿತ್ರಸಮೇತ ಬರೆದಳು. ಆದರೆ ಆ ಸುಕ್ಕಿಲ್ಲದ ಟೇಪನ್ನು ನೋಡಿ, ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ಭಾನುವಾರ ಐದೂವರೆಗೆ ಮಾವ ಬಂದ. ಅಮ್ಮನ ತಮ್ಮ, ಮೊದಲು ಟೆಲಿಫೋನ್ ಲೈನ್‌ಮನ್, ಈಗ ಮನೆಮನೆಗೆ ಇಂಟರ್ನೆಟ್ ತಂತಿ ಎಳೆಯುವವನು. ಅಪ್ಪನಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ಅಪ್ಪನ ಜೋಡಣೆಯನ್ನು ಬೆರಳಲ್ಲಿ ಸವರಿ, ಮಾವ ನಕ್ಕ.

"ಭಾವ, ಇದು ದೀಪದ ತಂತಿ ಅಲ್ಲ, ಮಾತಿನ ತಂತಿ. ಮಾತಿನ ತಂತಿಗೆ ಜಡೆ ಹಾಕಬೇಕು. ಹಾಗೇ ಬಿಟ್ರೆ ಅಕ್ಕಪಕ್ಕದ ಗಲಾಟೆನೆಲ್ಲ ಕೇಳಿಸಿಕೊಂಡು, ತನ್ನ ಮಾತು ಮರೆತುಬಿಡತ್ತೆ."

"ನಿನ್ ಹಾಗೆ ಅನ್ನು," ಎಂದರು ಅಪ್ಪ.

ಹಾಗೆಂದರೂ ಮಾತು ನಾಟಿತ್ತು. ಜಡೆ ತಾನೇ, ಹಾಕೇ ಬಿಡೋಣ ಎಂದು ಅಪ್ಪ ಡ್ರಿಲ್ಲಿಂಗ್ ಮಷೀನು ತಂದರು. ಎರಡು ತಂತಿಯ ತುದಿಯನ್ನು ಅದರ ಬಾಯಿಗೆ ಕೊಟ್ಟು, ಇನ್ನೊಂದು ತುದಿಯನ್ನು ಮಾವನ ಕೈಗಿತ್ತು ಗುಂಡಿ ಒತ್ತಿದರು. ತಂತಿ ಹುರಿಗೊಳ್ಳುತ್ತ ಹೋಯಿತು, ಜೊತೆಗೆ ಮಾವನ ಅಂಗಿಯ ತೋಳೂ. ಬಿಡಿಸುವುದಕ್ಕೆ ಕಾಲು ಗಂಟೆ, ಯಾರ ತಪ್ಪು ಎಂದು ಇತ್ಯರ್ಥ ಮಾಡುವುದಕ್ಕೆ ಇನ್ನೂ ಕಾಲು ಗಂಟೆ. ನಡುಮನೆ ತುಂಬ ತಂತಿ ಹಾವಿನಂತೆ ಬಿದ್ದಿತ್ತು. ಗೋಡೆಯ ಗಡಿಯಾರ ಆರೂ ಐವತ್ತೆಂಟನ್ನು ದಾಟಿತು. ಮೇಲೆ ಶನಿ ಯಾರಿಗೂ ಹೇಳದೆ ಕೇಳದೆ ಚಂದ್ರನ ಹಿಂದೆ ಸರಿದುಹೋದ.

ಮೆಲ್ಲಿ ಅಕ್ಕನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅಕ್ಕ ಲ್ಯಾಪ್‌ಟಾಪಿನ ಕಪ್ಪಗಿದ್ದ ಪರದೆಯನ್ನು ಮೆಲ್ಲಗೆ ಮಡಿಚಿಟ್ಟಳು. "ಹೋಗ್ಲಿ ಬಿಡು ಕಣೇ," ಎಂದಳು, ನಗಲು ನೋಡುತ್ತ.

ಆ ನಗು ಮೆಲ್ಲಿಗೆ ಸಹಿಸಲಾಗಲಿಲ್ಲ. ಅವಳು ನಡುಮನೆಗೆ ಬಂದು ಮಷೀನಿನ ಪ್ಲಗ್ಗು ಕಿತ್ತಳು.

"ಅಪ್ಪಾ, ಜಡೆ ಹಾಕಿದ್ರೂ ಇದು ಬರಲ್ಲ. ಯುಎಸ್‌ಬಿಗೆ ಅಷ್ಟು ಉದ್ದದ ಉಸಿರಿಲ್ಲ. ನನ್ ಲ್ಯಾಪ್‌ಟಾಪು ಟೆಲಿಸ್ಕೋಪಿನ ಪಕ್ಕದಲ್ಲೇ ಇರಲಿ, ಅಲ್ಲಿಂದ ಅಕ್ಕನ ಲ್ಯಾಪ್‌ಟಾಪಿಗೆ ಮಾವನ ನೆಟ್‌ವರ್ಕ್ ತಂತಿ ಬರಲಿ. ಅದು ನೂರು ಮೀಟರ್ ಬೇಕಾದ್ರೂ ಮಾತಾಡತ್ತೆ."

ಇಬ್ಬರೂ ಬಾಯಿ ತೆರೆದು ನೋಡಿದರು. ಇವಳ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಬಂದದ್ದನ್ನು ಆ ಗೋಡೆಗಳೂ ಕೇಳಿರಲಿಲ್ಲ. ಮಾವ ಮೀಸೆಯಡಿ ನಕ್ಕ. ಅಪ್ಪ ಕೈಯಲ್ಲಿದ್ದ ತಂತಿಯನ್ನು ನಿಧಾನಕ್ಕೆ ಸುತ್ತತೊಡಗಿದರು.

"ಹಾಗಾದ್ರೆ ನಂದೇನೂ ಬೇಡ ಅನ್ನು."

"ಬೇಕು," ಎಂದಳು ಮೆಲ್ಲಿ. "ಲ್ಯಾಪ್‌ಟಾಪಿಗೆ ಮೇಲೆ ಕರೆಂಟ್ ಎಲ್ಲಿದೆ? ಹದಿನೆಂಟು ಮೀಟರ್ ನಿಮ್ಮದೇ ತಂತಿ ಬೇಕು. ಶನಿ ಹೊರಗೆ ಬರೋಕೆ ಇನ್ನೂ ಮುಕ್ಕಾಲು ಗಂಟೆ ಇದೆ."

ಅಪ್ಪ ಆಗಲೇ ಮೆಟ್ಟಿಲ ಮೇಲಿದ್ದರು.

ಆಮೇಲೆ ಜಗಳವಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಮಾವ ಸ್ಕೂಟರಿನಿಂದ ನೀಲಿ ತಂತಿಯ ಸುರುಳಿ ತಂದು ಕಿಟಕಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ ಎಂದು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತ ಎಂಟೂ ಎಳೆ ಜೋಡಿಸಿ ತುದಿಗೆ ಕ್ಲಿಪ್ಪು ಒತ್ತಿದ. ಅಪ್ಪ ನೀರಿನ ತೊಟ್ಟಿಯ ಗೋಡೆಗೆ ಪ್ಲಗ್ಗಿನ ಪೆಟ್ಟಿಗೆ ಕೂರಿಸಿದರು. ಕತ್ತರಿಸಿದ ಯುಎಸ್‌ಬಿ ತಂತಿಯ ಬದಲಿಗೆ ಮೆಲ್ಲಿ ಪ್ರಿಂಟರಿನ ತಂತಿಯನ್ನು ಕಿತ್ತು ತಂದಳು. ತುದಿ ಅದೇ ಚೌಕದ್ದು, ಉದ್ದ ಒಂದೂವರೆ ಮೀಟರು.

ಟಿಂಗ್ ಎಂದಿತು. ತಾರಸಿಯಲ್ಲಿ ಮೂವರೂ ಟೊಂಯ್‌ಗಾಗಿ ಕಿವಿಗೊಟ್ಟು ನಿಂತರು. ಬರಲಿಲ್ಲ.

ಮೆಲ್ಲಿ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದಳು. ಅಕ್ಕನ ಪರದೆ ತುಂಬ ಚಂದ್ರ ಕೂತಿದ್ದ, ಗುಂಡಿ ಬಿದ್ದ ಸುಣ್ಣದ ಗೋಡೆಯ ಹಾಗೆ. ಅಕ್ಕ ಬಾಣದ ಗುಂಡಿ ಒತ್ತಿದಳು, ಮೇಲೆ ಟೆಲಿಸ್ಕೋಪು ಗುರ್ರೆಂದು ಕತ್ತು ತಿರುಗಿಸಿತು. ತಾರಸಿಯಲ್ಲಿ ಅಪ್ಪ ಬೆಚ್ಚಿ ಹಿಂದೆ ಹಾರಿದರೆಂದು ಮಾವ ಮೇಲಿನಿಂದ ಕೂಗಿ ವರದಿ ಒಪ್ಪಿಸಿದ. ಏಳೂ ನಲವತ್ತೇಳು. ಅಕ್ಕ ಚಂದ್ರನ ಬೆಳ್ಳನೆಯ ಅಂಚನ್ನು ಪರದೆಯ ನಡುವೆ ತಂದು ನಿಲ್ಲಿಸಿ ಕೈ ತೆಗೆದಳು.

ಮೊದಲು ಅಂಚಿನಲ್ಲಿ ಒಂದು ಮಾಸಲು ಚುಕ್ಕೆ ಮೂಡಿತು. ಅದು ಕಿವಿಯಂತಾಯಿತು, ಉಂಗುರದ ಒಂದು ತುದಿ. ಅದರ ಹಿಂದೆಯೇ ಪೂರ್ತಿ ಶನಿ, ಪುಟಾಣಿ, ದುಂಡಗೆ, ನಡುಗುತ್ತ, ಅವಸರವಿಲ್ಲದೆ ಈಚೆ ಬಂದ.

ಅಕ್ಕ ಪರದೆಯ ಮೇಲಿನ ಶನಿಯನ್ನು ಬೆರಳ ತುದಿಯಲ್ಲಿ ಮುಟ್ಟಿದಳು. ಮೆಲ್ಲಿಯೇ ಮೊದಲು ಕೇಳಿದಳು.

"ಒಳಗೆ ಹೋಗಿದ್ದು ನೋಡೋಕಾಗಲಿಲ್ಲ. ಬೇಜಾರಾ?"

"ಒಳಗೆ ಹೋಗೋದರಲ್ಲೇನಿದೆಯೇ," ಎಂದಳು ಅಕ್ಕ, ಹೊಟ್ಟೆಯ ಮೇಲೆ ಕೈಯಾಡಿಸುತ್ತ. "ಹೊರಗೆ ಬರೋದೇ ಮುಖ್ಯ."