ನರಗುಂದ ಬ್ರಷ್

‘ಇನ್ನ ನನ್ನ ಕಡಿಂದ ಚಿತ್ರ ಬರೂದಿಲ್ಲ. ನಿಮ್ಮದು ನೀವು ನೋಡ್ಕೊಳ್ರಿ.’

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಈ ಕನ್ನಡವನ್ನು ಆಸಿಫಾ ಎರಡು ಸಲ ಓದಿದಳು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಆ ಕಂಪ್ಯೂಟರ್ ಕೇಂದ್ರದಲ್ಲಿ ಟೈಪಿಂಗ್ ಕಲಿಯುವ ಹುಡುಗಿಯರು ಆಗಷ್ಟೇ ಎದ್ದು ಹೋಗಿದ್ದರು. ಅವರಿಗೆ ಕಲಿಸುವುದು ಅವಳ ನೌಕರಿ. ಅದು ಮುಗಿದ ಮೇಲೆ ನಾಲ್ಕರಿಂದ ಆರರವರೆಗೆ ಮೂಲೆಯ ಕಂಪ್ಯೂಟರು ಅವಳದು. ಕೆಲಸಕ್ಕೆ ಸೇರುವ ದಿನವೇ ಮಾಲಕರಿಗೆ ಈ ಷರತ್ತು ಹೇಳಿ ಒಪ್ಪಿಸಿಕೊಂಡಿದ್ದಳು.

ಆ ಎರಡು ತಾಸಿನಲ್ಲಿ ಅವಳು ಇಪ್ಪತ್ತಮೂರು ಜನರನ್ನು ಆಳುತ್ತಿದ್ದಳು. ಅವರಲ್ಲಿ ಯಾರೂ ಅವಳನ್ನು ನೋಡಿರಲಿಲ್ಲ, ಒಬ್ಬಳನ್ನು ಬಿಟ್ಟು. ಇಂಟರ್‌ನೆಟ್ಟಿನಲ್ಲಿ ಕೋಟೆ ಕಟ್ಟಿ, ಬೆಳೆ ಬೆಳೆದು, ಪಕ್ಕದ ಕೋಟೆಯವನ ಮೇಲೆ ದಂಡು ಕಳಿಸುವ ಒಂದು ಪರದೇಶದ ಆಟ ಅದು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಡಿಗ್ರಿ ಓದುವಾಗ ಹತ್ತಿದ ಹುಚ್ಚು. ಈ ವರ್ಷ, ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ಆಟದ ಕಂಪನಿಯವರು ಒಂದು ಮಾತು ಹೇಳಿದ್ದರು. ಯಾವ ಭಾಷೆಯವರು ಆಗಸ್ಟ್ ತಿಂಗಳ ಕೊನೆಯೊಳಗೆ ಆಟದ ಕಥೆ, ಸೂಚನೆ, ಚಿತ್ರ ಎಲ್ಲವನ್ನೂ ತಮ್ಮ ಭಾಷೆಯಲ್ಲಿ ತಯಾರು ಮಾಡಿ ಕೊಡುತ್ತಾರೋ, ಆ ಭಾಷೆಯ ಪುಟ ಆಟದೊಳಗೆ ಸೇರುತ್ತದೆ. ಪಗಾರ ಇಲ್ಲ, ಅಭಿಮಾನದ ಕೆಲಸ.

ತಮಿಳರು ತಂಡ ಕಟ್ಟಿದ ಸುದ್ದಿ ಬಂದ ಸಂಜೆಯೇ ಆಸಿಫಾ ಕನ್ನಡದ ತಂಡ ಕಟ್ಟಿದಳು. ಆಟಕ್ಕೆ ‘ಏಳು ಕೋಟೆ’ ಎಂದು ಹೆಸರಿಟ್ಟಳು. ಬರೆಯುವವರದು ಒಂದು ಗುಂಪು, ತಿದ್ದುವವರದು ಒಂದು, ಚಿತ್ರದವರದು ಒಂದು. ಮೈಸೂರಿನವರಿದ್ದರು, ಶಾರ್ಜಾದಲ್ಲಿ ದುಡಿಯುವ ಕುಂದಾಪುರದವನಿದ್ದ. ಬರೆಯುವ ಗುಂಪಿಗೆ ಮುಖ್ಯಸ್ಥೆ ರೋಣದ ಸಾಲೆಯೊಂದರಲ್ಲಿ ಕಲಿಸುತ್ತಿದ್ದ ಭಾರತಿ, ಆಸಿಫಾಳ ಡಿಗ್ರಿ ಗೆಳತಿ. ತಂಡದ ಹೆಸರುಪಟ್ಟಿಯಲ್ಲಿ ಆಸಿಫಾ ಇಂಗ್ಲಿಷಿನಲ್ಲಿ ತನ್ನ ಹೆಸರಿನ ಕೊನೆಯ ಒಂದು ಅಕ್ಷರ ಬಿಟ್ಟು ‘ಆಸಿಫ್’ ಆಗಿದ್ದಳು. ಹುಡುಗಿ ಎಂದು ಗೊತ್ತಾದರೆ ಅರ್ಧ ಜನ ಕೆಲಸ ಬಿಟ್ಟು ಹರಟೆಗೆ ಕೂಡುತ್ತಾರೆ ಎನ್ನುವುದು ಅವಳಿಗೆ ಅನುಭವದಿಂದ ಗೊತ್ತಿತ್ತು. ಗಂಡು ಹೆಸರಿನ ಜೊತೆ ಗಂಡು ಮಾತೂ ಬಂತು. ತಡ ಮಾಡಿದವರಿಗೆ ‘ಲೇ, ಮಲಗಿಯೇನಲೇ? ಲಗೂ ಕಳಸು’ ಎಂದು ಬರೆಯುವಳು. ಕೆಲಸ ನಡೆಯುತ್ತಿತ್ತು. ತನಗೆ ಮಂದಿಯನ್ನು ನಡೆಸಲು ಬರುತ್ತದೆ ಎಂಬ ಬಗ್ಗೆ ಅವಳಿಗೆ ಸಂಶಯ ಇರಲಿಲ್ಲ.

ಈಗ ಬಿಟ್ಟು ಹೋದವನು ಚಿತ್ರದ ಗುಂಪಿನ ಜೀವಾಳ. ಪಟ್ಟಿಯಲ್ಲಿ ಅವನ ಹೆಸರು ‘ನರಗುಂದ ಬ್ರಷ್’. ಮೂವತ್ತು ಚಿತ್ರಗಳಲ್ಲಿ ಹತ್ತೊಂಬತ್ತು ಮುಗಿದಿದ್ದವು, ಅದರಲ್ಲಿ ಹದಿನಾಲ್ಕು ಅವನವೇ.

ಅವಳು ಭಾರತಿಗೆ ಫೋನು ಮಾಡಿದಳು.

“ಹೋದ್ರ ಹೋಗ್ಲಿ ಬಿಡು,” ಎಂದಳು ಭಾರತಿ. “ಇನ್ನೊಬ್ಬಾವನ್ನ ಹುಡಕೋಣು.”

“ಹನ್ನೊಂದ ಚಿತ್ರ ಉಳದಾವ, ಹದಿನೆಂಟ ದಿವಸ ಐತಿ. ಎಲ್ಲಿ ಹುಡುಕ್ತಿ? ನಾ ನರಗುಂದಕ್ಕ ಹೋಗಿ ಕರಕೊಂಡ ಬರ್ತೀನಿ.”

“ಯಾವದೋ ಕಾಲೇಜ ಹುಡುಗ ಇರ್ತಾನ. ನೀ ಹೆಣ್ಣಮಗಳು ಅಂತ ಗೊತ್ತಾದ್ರ?”

“ಗೊತ್ತಾಗ್ಲಿ. ಕೆಲಸ ಮುಗಿಬೇಕು.”

ತಂಡ ಸೇರುವಾಗ ಬ್ರಷ್ ಒಂದು ನಂಬರು ಕೊಟ್ಟಿದ್ದ. ಅದಕ್ಕೆ ಫೋನು ಹಚ್ಚಿದರೆ ಅಲ್ತಮಶ ಎನ್ನುವವನು ಎತ್ತಿದ. ತನ್ನದು ನರಗುಂದದ ಬಸ್‌ಸ್ಟ್ಯಾಂಡಿನ ಎದುರಿನ ಫ್ಲೆಕ್ಸ್ ಅಂಗಡಿ ಎಂದ. “ಬ್ರಷ್? ಹ್ಞಾಂ, ಮಧ್ಯಾಹ್ನ ಇಲ್ಲೇ ಇರ್ತಾರ್ರಿ. ಬರ್ರಿ.” ಫೋನು ಇಟ್ಟ ಮೇಲೆ ಆ ಬಹುವಚನದ ‘ಇರ್ತಾರ’ ಅವಳ ಕಿವಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು.

ಮರುದಿನ ರವಿವಾರ, ರೋಣದಲ್ಲಿ ಬಸ್ಸು ಬದಲಿಸಿ ಅವಳು ನರಗುಂದದಲ್ಲಿ ಇಳಿದಾಗ ಹನ್ನೆರಡು ಹೊಡೆದಿತ್ತು. ಅಂಗಡಿಯೊಳಗೆ ಫ್ಲೆಕ್ಸ್ ಯಂತ್ರ ಯಾರದೋ ಹುಟ್ಟುಹಬ್ಬದ ಬ್ಯಾನರನ್ನು ಇಷ್ಟಿಷ್ಟೇ ಹೊರಗೆ ನೂಕುತ್ತಿತ್ತು. ಯಂತ್ರದ ಮುಂದೆ ಮೂವತ್ತರ ಆಸುಪಾಸಿನ ಅಲ್ತಮಶ. ಆಚೆ, ಗೋಡೆ ಕಡೆ ಇದ್ದ ಹಳೆಯ ಕಂಪ್ಯೂಟರಿನ ಮುಂದೆ ಟೊಪ್ಪಿಗೆ ಹಾಕಿದ, ಗಡ್ಡ ಪೂರಾ ಬೆಳ್ಳಗಾದ ಒಬ್ಬ ಹಿರಿಯರು ಕುಳಿತಿದ್ದರು. ಅವರು ಮೌಸನ್ನು ಮೂರು ಬೆರಳಲ್ಲಿ, ಕುಂಚ ಹಿಡಿದಂತೆ ಹಿಡಿದಿದ್ದರು.

“ನರಗುಂದ ಬ್ರಷ್ ಅಂತ...” ಎಂದಳು ಆಸಿಫಾ.

ಅಲ್ತಮಶ ನಕ್ಕು ಆ ಕಡೆ ಕೈ ಮಾಡಿದ. “ನಮ್ಮ ಮಾಮೂ. ಮೆಹಬೂಬಸುಭಾನಿ ಅಂತ. ಮೊದಲ ಈ ಊರಾನ ಬೋರ್ಡೆಲ್ಲಾ ಇವರ ಬರೀತಿದ್ರು.”

ಹಿರಿಯರು ತಿರುಗಿ ನೋಡಿದರು. ಅವಳ ಹಿಂದೆ ಬಾಗಿಲಿನ ಕಡೆಗೂ ನೋಡಿದರು. “ಬಾ ಬೇಟಿ. ಆಸಿಫ್ ಕಳಿಸ್ಯಾನೇನು? ಅಂವ ಬರಲಿಲ್ಲ?”

“ನಾನ ಆಸಿಫ್ ರಿ ಚಾಚಾ. ಆಸಿಫಾ.”

ಸುಭಾನಿಯವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. “ಮೂರು ತಿಂಗಳಿಂದ ನನಗ ‘ಮಲಗಿಯೇನಲೇ ಬ್ರಷ್’ ಅಂತ ಬರದದ್ದು ನೀನ ಏನವಾ?”

ಆಸಿಫಾಳ ಮುಖಕ್ಕೆ ಬಿಸಿ ಹತ್ತಿತು. ಅವಳ ಅಬ್ಬಾನಿಗಿಂತ ಹತ್ತು ವರ್ಷವಾದರೂ ದೊಡ್ಡವರು. ಆದರೂ ತಲೆ ತಗ್ಗಿಸಿ ನಿಲ್ಲುವ ಜಾತಿಯವಳಲ್ಲ ಅವಳು. “ಹೌದ್ರಿ, ನಾನ. ತಪ್ಪಾತು. ನೀವೂ ಹೇಳಲಿಲ್ಲ.”

“ನೀ ಹೇಳಿದಿಯೇನು?” ಎಂದರು ಅವರು. ಸ್ಟೂಲು ಎಳೆದು ಅವಳ ಕಡೆ ತಳ್ಳಿದರು. ಅಲ್ತಮಶ ಚಹಾ ತರಲು ಹೊರಗೆ ಹೋದ.

ಫ್ಲೆಕ್ಸ್ ಬಂದ ಮೇಲೆ ಐದು ವರ್ಷದಿಂದ ಅವರಿಗೆ ಬೋರ್ಡಿನ ಕೆಲಸ ಇರಲಿಲ್ಲ. ಮಧ್ಯಾಹ್ನ ಹೊತ್ತು ಹೋಗದೆ ಅಳಿಯನ ಅಂಗಡಿಗೆ ಬಂದು ಕೂಡುತ್ತಿದ್ದರು. ಮೌಸು ಹಿಡಿಯುವುದನ್ನು ಅವನೇ ಕಲಿಸಿದ್ದ, ಆಟವನ್ನೂ ಅವನೇ ತೋರಿಸಿದ್ದ. ಇದನ್ನೆಲ್ಲ ಸುಭಾನಿಯವರು ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿ ಮುಗಿಸಿದರು.

“ಮತ್ತ ಯಾಕ ಬಿಟ್ರಿ?” ಆಸಿಫಾ ನೇರವಾಗಿಯೇ ಕೇಳಿದಳು. “ಬೈದಿದ್ದಕ್ಕೇನು?”

“ಬೈದಿದ್ದಕ್ಕ ಯಾರ ಬಿಡ್ತಾರ?” ಅವರು ಖಾನೆ ಎಳೆದು ಒಂದು ದಪ್ಪ ಹಾಳೆ ತೆಗೆದರು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ‘ಏಳು ಕೋಟೆ’ ಎಂದು ಬರೆದಿತ್ತು. ಅಕ್ಷರಗಳು ಕಲ್ಲು ಕಟ್ಟಿದಂತೆ ಭಾರವಾಗಿ ಕುಳಿತಿದ್ದವು. ‘ಕೋ’ದ ದೀರ್ಘವನ್ನು ಬುರುಜಿನ ಮೇಲಿನ ನಿಶಾನೆಯ ಹಾಗೆ ಗಾಳಿಗೆ ಎಳೆದಿದ್ದರು. “ಇದಕ್ಕ ಕಂಪ್ಯೂಟರಿನಾಗ ಬಣ್ಣ ತುಂಬಿ ಕಳಿಸಿದೆ. ಮರುದಿವಸ ನೋಡ್ತೀನಿ, ಇದು ಇಲ್ಲ. ಕಂಪ್ಯೂಟರಿನ ಅಕ್ಷರ ಕುಂತಾವ.”

ಆಸಿಫಾಳಿಗೆ ನೆನಪಾಯಿತು. ಆ ದಿನ ಅವಳ ಮುಂದೆ ಹತ್ತು ಕೆಲಸ ಇದ್ದವು. ಆ ಚಿತ್ರ ತೆಗೆದು ಫಾಂಟಿನ ಅಕ್ಷರ ಹಾಕಲು ಅವಳಿಗೆ ಎರಡು ನಿಮಿಷವೂ ಹಿಡಿದಿರಲಿಲ್ಲ.

“ಆ ಫೈಲು ಭಾಳ ವಜ್ಜಿ ಆಗಿತ್ರಿ,” ಎಂದಳು. “ಕಂಪನಿಯವರು ಹೇಳಿದ ತೂಕಕ್ಕಿಂತ ಐದು ಪಟ್ಟು. ನಮ್ಮ ಊರಾಗ ತೆರದ್ರ ಪುಟಾನ ತೆರಕೊಳ್ಳವಲ್ದಾಗಿತ್ತು.”

“ಇರಬಹುದು. ತಿದ್ದಬ್ಯಾಡ ಅನ್ನೂದಿಲ್ಲ ನಾ. ಮೂವತ್ತು ವರ್ಷ ಮಂದಿ ನನ್ನ ಬೋರ್ಡ್ ತಿದ್ಸ್ಯಾರ. ಕಿರಾಣಿ ಅಂಗಡಿಯಾಂವ ಮುಂದ ನಿಂತು, ‘ಸುಭಾನಿ, ಆ ಅಕ್ಷರ ಇನ್ನಷ್ಟು ದಪ್ಪ ಆಗಲಿ’ ಅಂದ್ರ ಮಾಡೀನಿ.” ಅವರು ಹಾಳೆಯ ಮಡಚಿದ ಮೂಲೆಯನ್ನು ಉಗುರಿನಿಂದ ಸರಿ ಮಾಡಿದರು. “ಆದ್ರ ಅವರು ನನಗ ಹೇಳಿ ತಿದ್ಸಿದ್ರು. ಎದ್ದು ಬಂದು ತಾವ ಬಣ್ಣ ಬಳೀಲಿಲ್ಲ.”

ಯಂತ್ರದಿಂದ ಹುಟ್ಟುಹಬ್ಬದವನ ಮುಖ ಮೂಗಿನ ತನಕ ಬಂದಿತ್ತು. ಆಸಿಫಾ ಅದನ್ನೇ ನೋಡುತ್ತ ಕುಳಿತಳು. ಇಷ್ಟು ತಿಂಗಳು ಎಷ್ಟು ಜನರ ಎಷ್ಟು ಸಾಲುಗಳನ್ನು ಹೀಗೇ ತೆಗೆದು ಹಾಕಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟಳು. ಜೂನ್ ತಿಂಗಳಲ್ಲಿ ಇಬ್ಬರು ಬರಹಗಾರರು ಒಂದು ಮಾತೂ ಹೇಳದೆ ಮಾಯವಾಗಿದ್ದರು. ಸೋಮಾರಿಗಳು ಎಂದು ಅವಳು ಅವರ ಹೆಸರು ಹೊಡೆದು ಹಾಕಿದ್ದಳು.

“ಈಗ ಹೇಳ್ತೀನ್ರಿ,” ಎಂದಳು. “ಅಕ್ಷರ ನಿಮ್ಮವ ಇರಲಿ. ಆದ್ರ ವಜ್ಜಿ ಇಳೀಬೇಕು. ಇಳಿಸೂದು ಹ್ಯಾಂಗ ಅಂತ ನಾ ತೋರಿಸ್ತೀನಿ, ಫೈಲು ನೀವ ಮಾಡ್ರಿ.”

ಅವಳು ಸ್ಟೂಲು ಮುಂದೆ ಎಳೆದುಕೊಂಡು, ಚಿತ್ರದಲ್ಲಿ ಎಷ್ಟು ಬಗೆಯ ಬಣ್ಣ ಇವೆ ಎಂಬುದನ್ನು ಕಂಪ್ಯೂಟರಿನಲ್ಲಿಯೇ ಎಣಿಸಿ ತೋರಿಸಿದಳು. ಕಲ್ಲಿನ ನೆರಳಿಗೆ, ಅಂಚಿಗೆ, ಆಕಾಶಕ್ಕೆ ಸೇರಿ ಇನ್ನೂರರ ಮೇಲಿದ್ದವು. ಬಣ್ಣ ಕಡಿಮೆಯಾದಷ್ಟು ಚಿತ್ರ ಹಗುರಾಗುತ್ತದೆ ಎಂದಳು.

ಸುಭಾನಿಯವರು ಸ್ವಲ್ಪ ಹೊತ್ತು ಪರದೆ ನೋಡಿದರು. “ಇಷ್ಟ ಏನು? ಇದನ್ನ ಮೊದಲ ಹೇಳಿದ್ರ ಆಗ್ತಿತ್ತಲ್ಲ. ಇಲ್ಲಿ ಬಣ್ಣಕ್ಕ ಬರ ಇಲ್ಲ ಅಂತ ಸುರುವಿಬಿಟ್ಟೆ. ನಾ ಮೂರು ಡಬ್ಬಿ ಪೇಂಟಿನಾಗ ಈ ಬಜಾರ ಪೂರಾ ಬರದಾಂವ.”

ಅವರು ಚಹಾ ಮುಟ್ಟಲಿಲ್ಲ. ಎರಡು ತಾಸು ಬೆನ್ನು ಬಗ್ಗಿಸಿ ಕುಳಿತರು. ಒಂದು ಕಪ್ಪು, ಒಂದು ಕಾವಿ, ಒಂದು ಹಳದಿ, ಹಿಂದೆ ಒಂದು ನೀಲಿ, ಅಷ್ಟೇ. ನೆರಳು ಬೇಕಾದಲ್ಲಿ ಕಪ್ಪನ್ನೇ ಚುಕ್ಕಿ ಚುಕ್ಕಿಯಾಗಿ ಇಟ್ಟರು. ಆಸಿಫಾ ಅವರು ಕೇಳಿದಾಗಷ್ಟೇ ಬಾಯಿ ತೆರೆದಳು. ಕೈ ಮೌಸಿನ ಕಡೆ ಹೋದಾಗೊಮ್ಮೆ ಅದನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಮುಗಿದ ಚಿತ್ರ ಮೊದಲಿನದಕ್ಕಿಂತ ಗಟ್ಟಿಯಾಗಿತ್ತು, ತೂಕದಲ್ಲಿ ಕಂಪನಿಯ ಮಿತಿಗಿಂತ ಎಷ್ಟೋ ಕೆಳಗೆ.

“ಉಳಿದ ಹನ್ನೊಂದು?” ಎಂದಳು ಅವಳು.

“ದಿವಸಾ ಒಂದು. ನಡುವ ಶುಕ್ರವಾರ ಬಿಡು.”

ಎದ್ದು ಹೊರಡುವಾಗ ಅವಳು ಹೇಳಿದಳು: “ನಾಳೆ ತಂಡಕ್ಕ ಬರೀತೀನ್ರಿ. ನಾ ಯಾರು, ನೀವು ಯಾರು, ಎಲ್ಲಾ ತಿಳೀಲಿ. ಇನ್ನ ಯಾರೂ ನಿಮಗ ಹಂಗ ಮಾತಾಡೂದಿಲ್ಲ.”

“ನಿಂದು ನೀ ಬರಿ,” ಎಂದರು ಸುಭಾನಿಯವರು. “ನಂದು ಬರೀಬ್ಯಾಡ. ಈ ಊರಾಗ ಎಲ್ಲಿ ಹೋದ್ರೂ ಸಲಾಂ ಮಾಡಿ ಕುರ್ಚಿ ಕೊಡ್ತಾರ. ಕೆಲಸ ಯಾರೂ ಕೊಡೂದಿಲ್ಲ. ಅಲ್ಲಿ ಆ ಹುಡುಗರು ‘ಲೇ ಬ್ರಷ್, ಎರಡ ಆನಿ ಚಿತ್ರ ಬೇಕಲೇ’ ಅಂತಾರ. ನನ್ನ ವಯಸ್ಸು ತಿಳದ್ರ ಅಂದಾರೇನು?”

ಮರುದಿನ ನಾಲ್ಕು ಗಂಟೆಗೆ ಆಸಿಫಾ ತನ್ನ ಹೆಸರಿಗೆ ಬಿಟ್ಟ ಅಕ್ಷರ ಸೇರಿಸಿ ಇಪ್ಪತ್ತಮೂರೂ ಜನರಿಗೆ ಬರೆದಳು. ತಾನು ಹೆಣ್ಣುಮಗಳು, ಗಜೇಂದ್ರಗಡದವಳು. ಇನ್ನು ಮೇಲೆ ಯಾರ ಬರಹವೇ ಇರಲಿ, ಚಿತ್ರವೇ ಇರಲಿ, ತಿದ್ದುವುದಿದ್ದರೆ ಮಾಡಿದವರ ಕಡೆಗೇ ವಾಪಸು ಹೋಗುತ್ತದೆ. ಜೂನ್ ತಿಂಗಳಲ್ಲಿ ಬಿಟ್ಟು ಹೋದ ಇಬ್ಬರಿಗೂ ಬೇರೆ ಬೇರೆಯಾಗಿ ಪತ್ರ ಬರೆದು ತಪ್ಪು ಒಪ್ಪಿಕೊಂಡಳು.

ಭಾರತಿ ತಕ್ಷಣ ಫೋನು ಮಾಡಿದಳು. “ಹಿಂಗ ಒಬ್ಬೊಬ್ಬರನ್ನ ಕೇಳಕೋತ ಕುಂತ್ರ ಹದಿನಾರು ದಿನದಾಗ ಮುಗೀತದೇನ?”

“ಮುಗೀತೈತಿ,” ಎಂದಳು ಆಸಿಫಾ. “ಕೇಳಲಾರದಕ್ಕ ಇಷ್ಟು ತಡ ಆಗೈತಿ.”

ಶಾರ್ಜಾದವನು ಮೂರು ದಿನ ‘ಮೇಡಂ, ಮೇಡಂ’ ಎಂದು ಬರೆದ. ನಾಲ್ಕನೇ ದಿನ ಅವಳು ಅವನ ಒಂದು ಪುಟ ವಾಪಸು ಕಳಿಸಿ, ಇದು ಯಾಕೆ ಸರಿ ಇಲ್ಲ ಎಂದು ಆರು ಸಾಲು ವಿವರಿಸಿದಾಗ ಮೇಡಂ ಬಿಟ್ಟು ಕೆಲಸಕ್ಕೆ ಬಿದ್ದ. ಬಿಟ್ಟವರಿಬ್ಬರಲ್ಲಿ ಒಬ್ಬ ತಿರುಗಿ ಬಂದ, ಇನ್ನೊಬ್ಬ ಉತ್ತರ ಕೊಡಲಿಲ್ಲ. ನರಗುಂದದಿಂದ ದಿನಕ್ಕೊಂದು ಚಿತ್ರ ಬಂತು. ಕೊನೆಯ ಚಿತ್ರ ಆಟದ ಬಾಗಿಲಿನದು, ಒಳಗೆ ಬರುವವರಿಗೆ ಎಲ್ಲಕ್ಕಿಂತ ಮೊದಲು ಕಾಣುವಂಥದ್ದು. ಕೋಟೆಯ ಬಾಗಿಲು ಬರೆಯುತ್ತಾರೆ ಎಂದುಕೊಂಡರೆ ಸುಭಾನಿಯವರು ಮಲಪ್ರಭೆಯ ಮೇಲಿನ ಕೊಣ್ಣೂರು ಸೇತುವೆ ಬರೆದಿದ್ದರು, ತುಂಬಿದ ನೀರಿನಲ್ಲಿ. ಬಾಗಿಲು ಎಲ್ಲಿ ಎಂದು ಆಸಿಫಾ ಕೇಳಿದಳು, ನಮ್ಮ ಊರಿಗೆ ಬರುವವರಿಗೆ ಇದೇ ಬಾಗಿಲು ಎಂದು ಅವರು ಹೇಳಿದರು, ಅದು ಹಾಗೇ ಹೋಯಿತು. ಗಡುವಿಗೆ ಇನ್ನೂ ಎರಡು ದಿನ ಇತ್ತು.

ಕನ್ನಡದ ಪುಟ ತೆರೆದ ದಿನ ಟೈಪಿಂಗಿನ ಹುಡುಗಿಯರು ಮನೆಗೆ ಹೋಗದೆ ಅವಳ ಕುರ್ಚಿಯ ಹಿಂದೆ ನಿಂತರು. ನೆಟ್ಟು ಆ ಹೊತ್ತಿಗೇ ತೆವಳುತ್ತಿತ್ತು. ಅವಳು ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡಿದ್ದಳು. ಆ ಕಡೆ ನರಗುಂದದಲ್ಲಿ ಸುಭಾನಿಯವರು ತಮ್ಮ ಪರದೆಯ ಮುಂದಿದ್ದರು. ಅವರ ಉಸಿರು ಕೇಳುತ್ತಿತ್ತು. ಚಿತ್ರ ಮೇಲಿನಿಂದ ಒಂದೊಂದೇ ಗೆರೆ ಇಳಿಯುತ್ತಿತ್ತು. ಮೊದಲು ಮೋಡ, ಆಮೇಲೆ ಸೇತುವೆಯ ಕಟಾಂಜನ.

“ಎಲ್ಲೀತನಾ ಬಂತವಾ?”

“ಕಂಬದ ತನಾ ಬಂದೈತ್ರಿ. ನೀರು ಇನ್ನೂ ಬಂದಿಲ್ಲ.”

“ಇಲ್ಲಿ ಬಂತು,” ಎಂದರು ಅವರು. “ತಡಿ. ಬರ್ತೈತಿ.”

ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕಂಬದ ಬುಡದಲ್ಲಿ ಕಾವಿ ಬಣ್ಣದ ನೀರಿನ ಒಂದು ತೆಳ್ಳನೆಯ ಗೆರೆ ಮೂಡಿತು, ಅದರ ಕೆಳಗೆ ಇನ್ನೊಂದು.